ಪೆಗ್ ತರಿಸಿದ ಕಥೆ: ಸಲಹೆಗೆ ಫುಲ್ ಮಾರ್ಕ್ಸ್, ಪ್ಯಾಕಿಂಗ್‌ಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಇದು ಕುಡಿಯುವ ಪೆಗ್ ಅಲ್ಲ. ಪಾಲಿಎಥಿಲೀನ್ ಗ್ಲೈಕಾಲ್. ಲ್ಯಾಬಿನಲ್ಲಿ ಎಲ್ಲರೂ ಪೆಗ್ ಅಂತಲೇ ಕರೆಯುತ್ತೇವೆ. ಒಂದು ಸಲ ಫೋನಿನಲ್ಲಿ "ಒಂದು ಪೆಗ್ ಬಂತು, ಇನ್ನೊಂದು ಸೋಮವಾರ ಬರುತ್ತೆ" ಅಂದಿದ್ದನ್ನು ಅಮ್ಮ ಕೇಳಿಸಿಕೊಂಡು, ಆಮೇಲೆ ಅರ್ಧ ಗಂಟೆ ಕೆಮಿಸ್ಟ್ರಿ ಪಾಠ ಮಾಡಬೇಕಾಯಿತು.

ಔಷಧಿಗೋ ಪ್ರೋಟೀನಿಗೋ ಅಂಟಿಸುವ, ನೀರಿನಲ್ಲಿ ಕರಗುವ ಪಾಲಿಮರ್‌ಗಳನ್ನು (ಒಂದೇ ಬಗೆಯ ಕಣ್ಣಿಗಳು ಸೇರಿದ ಉದ್ದ ಸರಪಳಿ ಅಣುಗಳು, ಪೆಗ್ ಕೂಡ ಅಂಥದ್ದೇ) ನಾವು ಹೇಳಿದ ಹಾಗೆ ಮಾಡಿಕೊಡುವ ಒಂದು ಸಣ್ಣ ಕಂಪನಿ ಪೀಣ್ಯ ಕಡೆ ಇದೆ. ಒಂದೂವರೆ ವರ್ಷದಲ್ಲಿ ಅವರ ಹತ್ತಿರ ಮೂರು ಆರ್ಡರ್ ಮಾಡಿದ್ದೇನೆ. ಹೆಸರು ಹಾಕುವುದಿಲ್ಲ, ಯಾಕೆಂದರೆ ಮಧ್ಯದಲ್ಲಿ ಬೈಯುವ ಭಾಗವೂ ಇದೆ, ಅವರು ಅದನ್ನು ಸರಿ ಮಾಡಿಕೊಟ್ಟೂ ಇದ್ದಾರೆ. ಈ ಕೆಲಸದಲ್ಲಿ ಇರುವವರಿಗೆ ಯಾರು ಅಂತ ಗೊತ್ತಾಗಬಹುದು, ಗೊತ್ತಾಗದಿದ್ದರೂ ಪರವಾಗಿಲ್ಲ, ಇಲ್ಲಿ ಬರೆದಿದ್ದು ಯಾರ ಹತ್ತಿರ ತರಿಸಿದರೂ ಉಪಯೋಗಕ್ಕೆ ಬರುತ್ತದೆ.

ಈ ಲೋಕದಲ್ಲಿ ಇಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಚಿಕ್ಕ ಪ್ರೋಟೀನನ್ನು ರಕ್ತಕ್ಕೆ ಕೊಟ್ಟರೆ ಮೂತ್ರಪಿಂಡ ಬೇಗ ಸೋಸಿ ಹೊರಗೆ ಹಾಕಿಬಿಡುತ್ತದೆ. ಉಳಿದಿದ್ದನ್ನು ಕಿಣ್ವಗಳು ಕತ್ತರಿಸುತ್ತವೆ. ಅದೇ ಪ್ರೋಟೀನಿಗೆ ಒಂದು ಉದ್ದದ ಪೆಗ್ ಸರಪಳಿ ಕಟ್ಟಿದರೆ ಕಥೆಯೇ ಬೇರೆ. ಆ ಸರಪಳಿಯ ಒಂದೊಂದು ಕಣ್ಣಿಯೂ ಎರಡು ಮೂರು ನೀರಿನ ಅಣುಗಳನ್ನು ಹಿಡಿದುಕೊಳ್ಳುತ್ತದೆ. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದರೆ ಸುತ್ತ ಲೋಳೆ ಕಟ್ಟಿಕೊಂಡು ದಪ್ಪ ಆಗುತ್ತದಲ್ಲ, ಸುಮಾರು ಹಾಗೆ. ಒಳಗಿನ ಬೀಜ ಅಷ್ಟೇ ಇದ್ದರೂ ಸೋಸುವ ಜರಡಿಗೆ ಅದು ದೊಡ್ಡದಾಗಿಯೇ ಕಾಣುತ್ತದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಡೇವಿಸ್ ಮತ್ತು ಅಬುಚೋವ್‌ಸ್ಕಿ ತಂಡ 1977ರಲ್ಲಿ ಇದನ್ನು ಪ್ರಕಟಿಸಿತು. ಈ ದಾರಿಯಲ್ಲಿ ಬಂದ ಮೊದಲ ಔಷಧಿ ಅಡಾಜೆನ್, 1990ರಲ್ಲಿ ಒಪ್ಪಿಗೆ ಸಿಕ್ಕಿತು.

ನನಗೆ ಇದು ಬರೀ ಪೇಪರಿನ ವಿಷಯವಾಗಿ ಉಳಿದಿಲ್ಲ. ನಮ್ಮ ಚಿಕ್ಕಮ್ಮನಿಗೆ ಕೀಮೋ ಆಗುತ್ತಿದ್ದಾಗ ಪ್ರತಿ ಸುತ್ತಿನ ಮಾರನೇ ದಿನ ಒಂದು ಇಂಜೆಕ್ಷನ್ ಕೊಡುತ್ತಿದ್ದರು, ಬಿಳಿ ರಕ್ತಕಣ ಏರೋಕೆ. ಪೆಗ್‌ಫಿಲ್‌ಗ್ರಾಸ್ಟಿಮ್. ಪೆಗ್ ಇಲ್ಲದ ಹಳೆಯ ಫಿಲ್‌ಗ್ರಾಸ್ಟಿಮ್ ಆಗಿದ್ದರೆ ದಿನಾ ಚುಚ್ಚಬೇಕಿತ್ತು. ಅದರಲ್ಲಿ ಪ್ರೋಟೀನ್ 19 ಸಾವಿರ ಡಾಲ್ಟನ್ (ಅಣುವಿನ ತೂಕದ ಅಳತೆ) ಹತ್ತಿರ, ಪೆಗ್ 20 ಸಾವಿರ. ಅಂದರೆ ಆನೆಗಿಂತ ಅಂಬಾರಿಯೇ ಭಾರ. ನಮ್ಮೂರಿನ ಬಯೋಕಾನ್, ಮೈಲಾನ್ ಜೊತೆ ಸೇರಿ ಮಾಡಿದ ಇದರ ಬಯೋಸಿಮಿಲರ್‌ಗೆ (ಮೂಲ ಔಷಧಿಯನ್ನೇ ಹೋಲುವ ರೂಪ) 2018ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ನಾನು ಈ ಕೆಲಸಕ್ಕೆ ಸೇರುವ ಮುಂಚೆಯೇ ಪೆಗ್ ನಮ್ಮ ಮನೆಗೆ ಬಂದಿತ್ತು, ಫ್ರಿಜ್ಜಿನ ಬಾಗಿಲಲ್ಲಿ.

ಇನ್ನು ವಿಷಯಕ್ಕೆ ಬರೋಣ. ಪೆಗ್ ಅಂದರೆ ದುಬಾರಿ ವಸ್ತುವೇ? ಅಲ್ಲ. ಮಲಬದ್ಧತೆಗೆ ಮೆಡಿಕಲ್ ಶಾಪಿನಲ್ಲಿ ಕೊಡುವ ನೀರಿಗೆ ಕಲಸಿ ಕುಡಿಯುವ ಪುಡಿ ಇದೆಯಲ್ಲ, ಅದೂ ಪೆಗ್, ಅಣುತೂಕ 3350. ಒಂದು ಸ್ಯಾಶೆಯಲ್ಲಿ ಎಷ್ಟೋ ಗ್ರಾಂ ಇರುತ್ತದೆ. ನಾವು ತರಿಸುವುದು ಒಂದೇ ಒಂದು ಗ್ರಾಂ, ಅದಕ್ಕೆ ಸಾವಿರಗಟ್ಟಲೆ ದುಡ್ಡು, ಮೇಲೆ ಜಿಎಸ್‌ಟಿ. ದುಡ್ಡು ಹೋಗುವುದೆಲ್ಲ ಸರಪಳಿಯ ತುದಿಯಲ್ಲಿರುವ ಕೊಂಡಿಗೆ. ಪ್ರೋಟೀನನ್ನು ಕಚ್ಚಿ ಹಿಡಿಯುವುದು ಆ ಕೊಂಡಿ. 5000 ಡಾಲ್ಟನ್ ಸರಪಳಿಯಲ್ಲಿ ಸುಮಾರು 113 ಕಣ್ಣಿ, ಕೊಂಡಿ ಒಂದೇ ಒಂದು. ಅದು ಕೆಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ದುಬಾರಿ ಭೇದಿ ಪುಡಿ. ಈ ರಿವ್ಯೂ ಓದುವಾಗ ಇದೊಂದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಮೊದಲ ಸಲ ಹೋಗಿದ್ದು ಜುಲೈನಲ್ಲಿ. ಗೊರಗುಂಟೆಪಾಳ್ಯ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ಕಳೆದು, ಆಟೋದವರ ಹತ್ತಿರ ಜಗಳವಾಡಿ, ತಗಡಿನ ಶೆಡ್ಡುಗಳ ನಡುವೆ ಹುಡುಕಿ ಹುಡುಕಿ ಹೋದರೆ, ಮೇಲಿನ ಮಹಡಿಯಲ್ಲಿ ನೀಟಾದ ಲ್ಯಾಬು. ಮಾತಾಡಲು ಬಂದವರು ಐವತ್ತು ದಾಟಿದವರು, ದೊಡ್ಡ ಔಷಧಿ ಕಂಪನಿ ಬಿಟ್ಟು ಬಂದವರಂತೆ. ಕಾಫಿ ಬರುವ ಮುಂಚೆಯೇ ಬಿಳಿ ಬೋರ್ಡಿನ ಮುಂದೆ ನಿಂತರು. ನನಗೆ ಇಷ್ಟವಾಗಿದ್ದು ಇದು: ನಾನು "5 ಸಾವಿರದ ಎನ್‌ಎಚ್‌ಎಸ್ ಪೆಗ್ ಕೊಡಿ" ಅಂದಾಗ (ಎನ್‌ಎಚ್‌ಎಸ್ ಅಂದರೆ ಒಂದು ಬಗೆಯ ಕೊಂಡಿ, 5 ಸಾವಿರ ಅಂದರೆ ಅಣುತೂಕ) ತಕ್ಷಣ ಕೊಟೇಶನ್ ಬರೆಯಲಿಲ್ಲ.

"ಯಾವುದಕ್ಕೆ ಅಂಟಿಸ್ತೀರಿ ಮೇಡಂ, ಅದನ್ನ ಹೇಳಿ ಮೊದ್ಲು."

ಹೇಳಿದೆ. ಮೊದಲು ಕೈ ಪಳಗಿಸಲು ಮೊಟ್ಟೆ ಬಿಳಿಯಲ್ಲಿರುವ ಲೈಸೋಜೈಮ್ ಅನ್ನೋ ಪ್ರೋಟೀನ್, ಆಮೇಲೆ ನಮ್ಮದೇ ಒಂದು ಕಿಣ್ವ. ಅದಕ್ಕೆ ಅವರು ಕೇಳಿದ ಪ್ರಶ್ನೆಗಳನ್ನು ನಮ್ಮ ಲ್ಯಾಬ್ ಮೀಟಿಂಗಿನಲ್ಲೂ ಯಾರೂ ಕೇಳಿರಲಿಲ್ಲ. ಕಿಣ್ವ ಕೆಲಸ ಮಾಡುವ ಜಾಗದ ಪಕ್ಕ ಲೈಸಿನ್ (ಪೆಗ್ ಅಂಟಿಕೊಳ್ಳುವ ಅಮೀನ್ ಗುಂಪಿರುವ ಅಮೈನೋ ಆಮ್ಲ) ಇದೆಯಾ? ಇದ್ದರೆ ಅಲ್ಲೇ ಪೆಗ್ ಕೂತು ಬಾಗಿಲು ಮುಚ್ಚಿದ ಹಾಗಾಗುತ್ತದೆ. ಒಂದೇ ಸರಪಳಿ ಸಾಕಾ, ನಾಲ್ಕೈದು ಬೇಕಾ? ಸರಪಳಿ ಶಾಶ್ವತವಾಗಿ ಇರಬೇಕಾ, ಒಳಗೆ ಹೋದ ಮೇಲೆ ಕಳಚಬೇಕಾ? ಎಷ್ಟು ಹೊತ್ತು, ಎಷ್ಟು ತಣ್ಣಗೆ ರಿಯಾಕ್ಷನ್ ಮಾಡುತ್ತೀರಿ?

ಕೊನೆಯ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಎನ್‌ಎಚ್‌ಎಸ್ ಎಸ್ಟರ್ ಅನ್ನೋ ಕೊಂಡಿಗೆ ಪ್ರೋಟೀನಿನ ಅಮೀನ್ ಇಷ್ಟ, ಆದರೆ ನೀರು ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಕ್ಷಾರ ಜಾಸ್ತಿಯಾದಷ್ಟೂ ಅಮೀನ್ ಚುರುಕಾಗುತ್ತದೆ, ಜೊತೆಗೆ ಕೊಂಡಿಯೂ ಬೇಗ ಸಾಯುತ್ತದೆ. ಇದರಲ್ಲೂ ಜಾತಿಗಳಿವೆ. ಪೆಗ್‌ಗೂ ಎಸ್ಟರ್‌ಗೂ ನಡುವೆ ಬರೀ ಒಂದು ಕಾರ್ಬನ್ ಇರುವ ಕಾರ್ಬಾಕ್ಸಿಮೀಥೈಲ್ ಜಾತಿ ಪಿಎಚ್ 8ರಲ್ಲಿ, 25 ಡಿಗ್ರಿಯಲ್ಲಿ ಒಂದು ನಿಮಿಷದೊಳಗೆ ಅರ್ಧ ಸತ್ತಿರುತ್ತದೆ. ಅದೇ ನಾಲ್ಕು ಕಾರ್ಬನ್ ದೂರ ಇಟ್ಟ ವ್ಯಾಲೆರೇಟ್ ಜಾತಿ ಅರ್ಧ ಗಂಟೆಯಷ್ಟು ತಡೆಯುತ್ತದೆ. ಮೂರು ಕಾರ್ಬನ್ನಿಗೆ ಇಷ್ಟು ವ್ಯತ್ಯಾಸ! ನಾನು ಕ್ಯಾಟಲಾಗ್ ನೋಡಿ ಕಡಿಮೆ ರೇಟಿನ ಕಾರ್ಬಾಕ್ಸಿಮೀಥೈಲ್ ಕೇಳಿದ್ದೆ. ಅವರು ಬೇಡ ಅಂದರು. "ನೀವು ತೂಕ ಮಾಡಿ, ಕರಗಿಸಿ, ಪಿಪೆಟ್ ತಗೊಳ್ಳೋ ಹೊತ್ತಿಗೆ ಅದು ಹೋಗ್ಬಿಟ್ಟಿರುತ್ತೆ" ಅಂದು ವ್ಯಾಲೆರೇಟ್ ಬರೆದುಕೊಟ್ಟರು. ಸ್ವಲ್ಪ ಜಾಸ್ತಿ ದುಡ್ಡಾಯಿತು, ಆದರೂ ಹೊರದೇಶದಿಂದ ತರಿಸುವುದರ ಅರ್ಧಕ್ಕಿಂತ ಕಡಿಮೆ. ಸಲಹೆಗೆ ಒಂದು ಪೈಸೆ ಹಾಕಲಿಲ್ಲ. ಕಾಫಿಯೂ ಚೆನ್ನಾಗಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ 5ಕ್ಕೆ 5 ಕೊಡುತ್ತಿದ್ದೆ.

ಬಾಟಲಿ ಬಂದಿದ್ದು ಗೌರಿ ಹಬ್ಬದ ಹಿಂದಿನ ಸಂಜೆ. ನಾವೆಲ್ಲ ಊರಿಗೆ ಹೊರಟಾಗಿತ್ತು. ಕೊರಿಯರ್ ಹುಡುಗ ಗೇಟಿನಲ್ಲಿ ಸೆಕ್ಯುರಿಟಿ ಅಣ್ಣನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡು ಹೋಗಿದ್ದಾನೆ. ಪಾಪ, ಅಣ್ಣನ ತಪ್ಪಿಲ್ಲ, ಡಬ್ಬದ ಮೇಲೆ ಫ್ರೀಜರ್ ಅಂತ ಒಂದು ಅಕ್ಷರವೂ ಇರಲಿಲ್ಲ. ಮೂರು ದಿನ ಬಿಟ್ಟು ಹೋಗಿ ತೆಗೆದರೆ, ಥರ್ಮೋಕೋಲ್ ಡಬ್ಬದ ತಳದಲ್ಲಿ ಕರಗಿದ ಐಸಿನ ನೀರು, ಅದರಲ್ಲಿ ನಮ್ಮ ಬಾಟಲಿ ತೇಲುತ್ತಿತ್ತು. ಸೀಲ್ ಮಾಡಿದ ಫಾಯಿಲ್ ಕವರಿಲ್ಲ, ಒಳಗೆ ಸಿಲಿಕಾ ಜೆಲ್ ಪೊಟ್ಟಣವಿಲ್ಲ, ಮುಚ್ಚಳಕ್ಕೆ ಸುತ್ತಿದ ಪ್ಯಾರಾಫಿಲ್ಮ್ ಬಿಚ್ಚಿಕೊಂಡಿತ್ತು. ಮುಚ್ಚಳದ ಒಳಗೆ ಹನಿ. ಪುಡಿ ಮಳೆಗಾಲದ ಸಕ್ಕರೆಯ ಹಾಗೆ ಒಂದಕ್ಕೊಂದು ಅಂಟಿಕೊಂಡಿತ್ತು. ಇದು ಐಸೇ ಇಲ್ಲದೆ ಬರೀ ಒಣಗಿ ಬಂದಿದ್ದರೂ ಬದುಕುತ್ತಿತ್ತು ಅನ್ನಿಸುತ್ತದೆ. ಈ ಪುಡಿಗೆ ಸೆಖೆಗಿಂತ ತೇವ ದೊಡ್ಡ ಶತ್ರು.

ಜೊತೆಗಿದ್ದ ಸರ್ಟಿಫಿಕೇಟಿನಲ್ಲಿ ಕೊಂಡಿ ಶೇಕಡ 90ಕ್ಕಿಂತ ಜಾಸ್ತಿ ಜೀವಂತ ಅಂತ ಬರೆದಿತ್ತು. ನಾನು ನಂಬಲಿಲ್ಲ. ನೀವೂ ನಂಬಬೇಡಿ, ಯಾವ ಕಂಪನಿಯದ್ದಾದರೂ ಸರಿ. ಪರೀಕ್ಷೆ ಕಷ್ಟವೇನಲ್ಲ. ಪುಡಿಯನ್ನು ಕರಗಿಸಿ 260 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತೆಗೆಯಿರಿ, ಆಗ ಕಾಣುವುದು ಆಗಲೇ ಕಳಚಿಕೊಂಡ ಎನ್‌ಎಚ್‌ಎಸ್. ಆಮೇಲೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, ಉಳಿದಿದ್ದೂ ಕಳಚುತ್ತದೆ, ಮತ್ತೆ ರೀಡಿಂಗ್. ಎಷ್ಟು ಏರಿತೋ ಅಷ್ಟು ಜೀವಂತವಾಗಿತ್ತು ಅಂತ ಲೆಕ್ಕ. ನಮ್ಮ ಬಾಟಲಿಯಲ್ಲಿ ಅರ್ಧವೂ ಇರಲಿಲ್ಲ. ಯಾಕೋ ಅನುಮಾನ ಬಂದು ಎನ್ಎಂಆರ್‌ಗೂ (ಅಣುವಿನಲ್ಲಿ ಯಾವ ಹೈಡ್ರೋಜನ್ ಎಷ್ಟಿದೆ ಅಂತ ತೋರಿಸುವ ಯಂತ್ರ) ಹಾಕಿದೆ. ಡಿಎಂಎಸ್‌ಒ ದ್ರಾವಕದಲ್ಲಿ 3.24ರ ಹತ್ತಿರ ಸರಪಳಿಯ ಇನ್ನೊಂದು ತುದಿಯ ಮೆಥಾಕ್ಸಿಯ ಪೀಕ್, ಅಲ್ಲಿ 3 ಹೈಡ್ರೋಜನ್. 2.81ರ ಹತ್ತಿರ ಕೊಂಡಿಯ ಪೀಕ್, ಅಲ್ಲಿ 4 ಇರಬೇಕು. ನನಗೆ ಸಿಕ್ಕಿದ್ದು 1.8. ಎರಡು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ವಾದಕ್ಕೆ ಜಾಗವಿಲ್ಲ ಅಲ್ವಾ?

ಫೋನ್ ಮಾಡಿದೆ. ಮೊದಲು ಎತ್ತಿದ ಸೇಲ್ಸ್ ಹುಡುಗ "ನಮ್ಮ ಕಡೆಯಿಂದ ಸರಿಯಾಗೇ ಕಳಿಸಿದ್ದೀವಿ ಮೇಡಂ, ನೀವು ಸ್ಟೋರ್ ಮಾಡಿದ್ದು ಹೇಗೆ" ಅಂತ ಶುರು ಮಾಡಿದ. ಮೈಯೆಲ್ಲ ಉರಿಯಿತು. ಒಂದು ವಾರ ಇಮೇಲ್, ಅದಕ್ಕೆ ಉತ್ತರ, ಮತ್ತೆ ಇಮೇಲ್. ಕೊನೆಗೆ ಆ ಬಿಳಿ ಬೋರ್ಡಿನ ಸರ್‌ಗೇ ಸ್ಪೆಕ್ಟ್ರಮ್ ಕಳಿಸಿದೆ. ಹತ್ತು ನಿಮಿಷಕ್ಕೆ ಅವರದ್ದೇ ಫೋನ್. "ಇದು ನಮ್ದೇ ತಪ್ಪು, ನೋಡಿದ್ರೆ ಗೊತ್ತಾಗುತ್ತೆ" ಅಂದರು. ನಾಲ್ಕನೇ ದಿನಕ್ಕೆ ಹೊಸ ಬಾಟಲಿ ಬಂತು, ಈ ಸಲ ಒಂದು ಗ್ರಾಮನ್ನು 100 ಮಿಲಿಗ್ರಾಮಿನ ಹತ್ತು ಸಣ್ಣ ಬಾಟಲಿ ಮಾಡಿ, ಆರ್ಗಾನ್ ತುಂಬಿ, ಫಾಯಿಲ್‌ನಲ್ಲಿ ಸೀಲ್ ಮಾಡಿ. ಒಂದು ಸಲ ತೆರೆದದ್ದು ಮತ್ತೆ ಫ್ರೀಜರ್ ಸೇರುವುದೇ ಬೇಡ, ಒಳ್ಳೆ ಉಪಾಯ. ಮೊದಲೇ ಮಾಡಿದ್ದರೆ ಏನಾಗುತ್ತಿತ್ತು? (ಒಂದು ಮಾತು: ಮೈನಸ್ 20ರಿಂದ ತೆಗೆದ ಬಾಟಲಿಯನ್ನು ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬೇಡಿ. ನಮ್ಮ ಲ್ಯಾಬಿನ ಜೂನಿಯರ್‌ಗಳಿಗೆ ಹೇಳಿ ಹೇಳಿ ಸಾಕಾಗಿದೆ. ತಣ್ಣನೆ ಗಾಜಿನೊಳಗೆ ಬೆಂಗಳೂರಿನ ಗಾಳಿ ಹೋದರೆ ಹನಿ ಕಟ್ಟುತ್ತದೆ, ಅಷ್ಟೇ ಸಾಕು.)

ಹೊಸದರ ಫಲಿತಾಂಶ ಚೆನ್ನಾಗಿತ್ತು. ಲೈಸೋಜೈಮ್‌ನಲ್ಲಿ 6 ಲೈಸಿನ್, ಜೊತೆಗೆ ಆರಂಭದ ತುದಿಯ ಅಮೀನ್ ಸೇರಿ 7 ಜಾಗ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ಲಿನಲ್ಲಿ ಏಣಿ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಬಂತು: ಪೆಗ್ ಇಲ್ಲದ್ದು, ಒಂದು ಇರುವುದು, ಎರಡು, ಮೂರು. ಬೇರಿಯಂ ಕ್ಲೋರೈಡ್, ಅಯೋಡಿನ್ ಹಾಕಿದರೆ ಪೆಗ್ ಇರುವ ಪಟ್ಟಿಗಳಷ್ಟೇ ಕಂದು ಬಣ್ಣಕ್ಕೆ ತಿರುಗುತ್ತವೆ. ಹಳೆ ಬಾಟಲಿಯದ್ದನ್ನೂ ಪಕ್ಕದಲ್ಲಿ ಓಡಿಸಿದ್ದೆ, ಸುಮ್ನೆ ಸಿಟ್ಟಿಗೆ. ಅದರಲ್ಲಿ ಪ್ರೋಟೀನ್ ಬಹುಪಾಲು ಮೊದಲ ಮೆಟ್ಟಿಲಲ್ಲೇ ಕೂತಿತ್ತು.

ಎರಡನೇ ಆರ್ಡರ್ ನಮ್ಮ ಕಿಣ್ವಕ್ಕೆ. ಏಣಿ ಬೇಡ, ಒಂದೇ ಸರಪಳಿ, ಒಂದೇ ಜಾಗದಲ್ಲಿ ಬೇಕಿತ್ತು. ಅದಕ್ಕೆ 20 ಸಾವಿರದ ಆಲ್ಡಿಹೈಡ್ ಕೊಂಡಿಯ ಪೆಗ್. ಪಿಎಚ್ 5ರ ಆಸುಪಾಸಿನಲ್ಲಿ ಲೈಸಿನ್‌ಗಳೆಲ್ಲ ಪ್ರೋಟಾನ್ ಹೊತ್ತು ಸುಮ್ಮನಿರುತ್ತವೆ, ಆರಂಭದ ತುದಿಯ ಅಮೀನ್ ಮಾತ್ರ ಸ್ವಲ್ಪ ಎಚ್ಚರವಾಗಿರುತ್ತದೆ. ಪೆಗ್‌ಫಿಲ್‌ಗ್ರಾಸ್ಟಿಮ್ ಮಾಡುವುದೂ ಇದೇ ಉಪಾಯದಿಂದ. ಪ್ಯಾಕಿಂಗ್ ಈ ಸಲ ಚೊಕ್ಕ. ಆದರೆ ಜಿಪಿಸಿಗೆ (ಸರಪಳಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಯಂತ್ರ) ಹಾಕಿದರೆ ದೊಡ್ಡ ಪೀಕಿನ ಮುಂದೆ 40 ಸಾವಿರದ ಹತ್ತಿರ ಒಂದು ಪುಟ್ಟ ಗುಡ್ಡ. ಇದು ಡಯಾಲ್, ಅಂದರೆ ಎರಡೂ ತುದಿ ತೆರೆದಿರುವ ಸರಪಳಿ. ಪೆಗ್ ಮಾಡುವಾಗ ಒಂದು ತುದಿಗೆ ಮೆಥಾಕ್ಸಿ ಟೋಪಿ ಹಾಕಿ ಮುಚ್ಚಿರುತ್ತಾರೆ, ಪಾತ್ರೆಯಲ್ಲಿ ಚೂರು ನೀರಿದ್ದರೂ ಅದರಿಂದ ಎರಡೂ ಕಡೆ ಬೆಳೆಯುವ ಸರಪಳಿ ಹುಟ್ಟುತ್ತದೆ, ಉದ್ದವೂ ಎರಡರಷ್ಟು. ಆಮೇಲೆ ಎರಡೂ ತುದಿಗೆ ಕೊಂಡಿ ಕೂತು, ಎರಡು ಪ್ರೋಟೀನನ್ನು ಜೋಡೆತ್ತಿನ ಹಾಗೆ ಕಟ್ಟಿಹಾಕುತ್ತದೆ. ಸಣ್ಣ ಪ್ರಮಾಣ ಹೌದು. ಆದರೆ ಸರ್ಟಿಫಿಕೇಟಿನಲ್ಲಿ ಅದರ ಸುದ್ದಿಯೇ ಇರಲಿಲ್ಲ, ನನ್ನ ತಕರಾರು ಅಷ್ಟೇ. ಕೇಳಿದ ಮೇಲೆ ಜಿಪಿಸಿ ಗ್ರಾಫ್ ಕಳಿಸಿದರು, ಅದರಲ್ಲಿ ಗುಡ್ಡ ಚೆನ್ನಾಗಿಯೇ ಕಾಣುತ್ತಿತ್ತು! ಗೊತ್ತಿದ್ದೂ ಬರೆಯದೆ ಇರುವುದು ಸರಿಯಲ್ಲ. ಈಗ ಪ್ರತಿ ಬ್ಯಾಚಿಗೂ ಗ್ರಾಫ್ ಕೇಳಿ ತರಿಸುತ್ತೇನೆ, ನೀವೂ ಕೇಳಿ.

ಮೂರನೇ ಆರ್ಡರ್ ಪೆಗ್ ಅಲ್ಲ, ಎಚ್‌ಪಿಎಂಎ ಅನ್ನೋ ಇನ್ನೊಂದು ಪಾಲಿಮರ್. ಇದರ ಕಥೆ ನನಗೆ ಇನ್ನೂ ಇಷ್ಟ. ಪೆಗ್‌ಗೆ ಇರುವುದು ತುದಿಗಳು ಮಾತ್ರ, ಸಣ್ಣ ಔಷಧಿಯನ್ನು ಕಟ್ಟಬೇಕೆಂದರೆ ಒಂದು ಸರಪಳಿಗೆ ಒಂದೋ ಎರಡೋ ಅಣು ಸಿಗುತ್ತದೆ. ಎಚ್‌ಪಿಎಂಎ ಸರಪಳಿಗೆ ಬದಿಯಲ್ಲೆಲ್ಲ ಕೊಂಡಿ ಇಡಬಹುದು, ಹುಣಸೆ ಕೊಂಬೆಯಲ್ಲಿ ಕಾಯಿ ಜೋತುಬಿದ್ದ ಹಾಗೆ. ಜರ್ಮನಿಯ ಹೆಲ್ಮುಟ್ ರಿಂಗ್ಸ್‌ಡೋರ್ಫ್ 1975ರಲ್ಲಿ ಬರೆದ ಚಿತ್ರ ಇದೇ: ಒಂದು ಬೆನ್ನೆಲುಬು, ಅದಕ್ಕೆ ಕರಗಿಸುವ ಭಾಗ, ದಾರಿ ತೋರಿಸುವ ಭಾಗ, ಕಳಚುವ ಕೊಂಡಿಯ ಮೂಲಕ ಔಷಧಿ. ಪ್ರಾಗ್‌ನಲ್ಲಿ ಯಿಂದ್ರಿಕ್ ಕೊಪೆಚೆಕ್ ತಂಡ ಎಚ್‌ಪಿಎಂಎಯನ್ನು ಈ ಕೆಲಸಕ್ಕೆ ಬೆಳೆಸಿತು. ಕ್ಯಾನ್ಸರ್ ಔಷಧಿ ಡಾಕ್ಸೊರುಬಿಸಿನ್ ಕಟ್ಟಿದ ಅದರ ಒಂದು ರೂಪ 1990ರ ದಶಕದಲ್ಲಿ ರೋಗಿಗಳ ಮೇಲಿನ ಪ್ರಯೋಗಕ್ಕೂ ಹೋಯಿತು, ಮಾರುಕಟ್ಟೆಗೆ ಬರಲಿಲ್ಲ.

ನಾನು ಕೇಳಿದ್ದು: ಹೈಡ್ರಜೈಡ್ ಕೊಂಡಿಗಳಿರುವ ಎಚ್‌ಪಿಎಂಎ, ತೂಕದಲ್ಲಿ ಶೇಕಡ 20 ಡಾಕ್ಸೊರುಬಿಸಿನ್ ಹಿಡಿಯುವಷ್ಟು. ಸರ್ ನಕ್ಕರು. "ಅಷ್ಟೊಂದು ಹಾಕಿದ್ರೆ ನೀರಲ್ಲಿ ಕರಗಲ್ಲ ಮೇಡಂ, ಮುದ್ದೆ ಆಗುತ್ತೆ." ಡಾಕ್ಸೊರುಬಿಸಿನ್ ನೀರಿಗೆ ಅಷ್ಟು ಒಗ್ಗುವ ಅಣುವಲ್ಲ, ಸರಪಳಿ ಮೇಲೆ ಜಾಸ್ತಿಯಾದರೆ ಅವೆಲ್ಲ ಒಳಗೊಳಗೇ ಒಟ್ಟುಗೂಡಿ ಕೂರುತ್ತವೆ. ಶೇಕಡ 10ಕ್ಕೆ ಇಳಿಸಿದೆವು. ಉದ್ದ 30 ಸಾವಿರ ಡಾಲ್ಟನ್‌ಗೆ ನಿಲ್ಲಿಸಿದೆವು, ಯಾಕೆಂದರೆ ಈ ಬೆನ್ನೆಲುಬು ದೇಹದಲ್ಲಿ ಮುರಿಯುವುದಿಲ್ಲ, ಸುಮಾರು 45 ಸಾವಿರ ದಾಟಿದರೆ ಮೂತ್ರಪಿಂಡದಿಂದ ಹೊರಗೆ ಹೋಗುವುದೂ ಕಷ್ಟ. ಉಳಿಯಲೂಬೇಕು, ಕೊನೆಗೆ ಹೋಗಲೂಬೇಕು, ಒಳ್ಳೆ ಅತಿಥಿಯ ಹಾಗೆ.

6 ವಾರ ಅಂದಿದ್ದರು, ಬಂದಿದ್ದು 11 ವಾರಕ್ಕೆ. ಡಬ್ಬ ತೆರೆದರೆ ತಿಳಿಗುಲಾಬಿ ಬಣ್ಣದ ಹಗುರ ನೊರೆ, ಥೇಟ್ ಜಾತ್ರೆಯ ಬಾಂಬೆ ಮಿಠಾಯಿ. ನೋಡಲು ಚೆಂದ, ಆದರೆ ಆ ಗುಲಾಬಿ ಅಂದರೆ ರಾಫ್ಟ್ ವಿಧಾನದಲ್ಲಿ ಸರಪಳಿಯ ಉದ್ದ ಹಿಡಿತದಲ್ಲಿಡಲು ಬಳಸುವ ಗಂಧಕದ ತುದಿ ಇನ್ನೂ ಅಲ್ಲೇ ಇದೆ ಅಂತ. ಅದನ್ನು ಕತ್ತರಿಸಿ ಕೊಡಿ ಅಂತ ಆರ್ಡರಿನಲ್ಲಿ ಬರೆದಿದ್ದೆ. ಈ ಸಲ ಜಗಳವಾಗಲಿಲ್ಲ. ವಾಪಸ್ ತರಿಸಿಕೊಂಡು, ತುದಿ ತೆಗೆದು, ಬಿಳಿ ಮಾಡಿ ಹತ್ತು ದಿನಕ್ಕೆ ಕಳಿಸಿದರು, ದುಡ್ಡು ಕೇಳಲಿಲ್ಲ.

ಡಾಕ್ಸೊರುಬಿಸಿನ್ ಕಟ್ಟಿ ಗಾತ್ರದ ಪ್ರಕಾರ ಬೇರ್ಪಡಿಸುವ ಎಲ್‌ಎಚ್-20 ಕಾಲಂನಲ್ಲಿ ಬಿಟ್ಟ ದಿನ ಲ್ಯಾಬಿನವರೆಲ್ಲ ಬಂದು ನೋಡಿದರು. ಕೆಂಪು ಪಟ್ಟಿ ಎರಡಾಗಿ ಒಡೆಯಿತು. ಮುಂದೆ ದಪ್ಪನೆ ಪಾಲಿಮರ್ ಸಮೇತ, ಹಿಂದೆ ತೆಳ್ಳಗೆ ಕಟ್ಟಿಕೊಳ್ಳದೆ ಉಳಿದಿದ್ದು. ಹೈಡ್ರಜೈಡ್‌ಗೆ ಔಷಧಿ ಕಟ್ಟಿದಾಗ ಆಗುವ ಹೈಡ್ರಜೋನ್ ಕೊಂಡಿಯ ಮಜಾ ಏನೆಂದರೆ ರಕ್ತದ ಪಿಎಚ್ 7.4ರಲ್ಲಿ ಗಟ್ಟಿ, ಕೋಶದೊಳಗಿನ ಹುಳಿ ಚೀಲಗಳ ಪಿಎಚ್ 5ರಲ್ಲಿ ಸಡಿಲ. ನಮ್ಮ ಬೀಕರಿನಲ್ಲಿ 37 ಡಿಗ್ರಿಯಲ್ಲಿ ಒಂದು ದಿನ ಇಟ್ಟಾಗ ಹುಳಿ ಕಡೆ ಅರ್ಧಕ್ಕಿಂತ ಜಾಸ್ತಿ ಔಷಧಿ ಬಿಟ್ಟುಕೊಂಡಿತ್ತು, 7.4ರಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಇದಕ್ಕೆ ಆ 11 ವಾರ ಕ್ಷಮಿಸಿದೆ.

ಸಲಹೆಗೆ 5, ಪಾಲಿಮರ್‌ಗೆ 4, ಸರ್ಟಿಫಿಕೇಟಿಗೆ 2, ಸಮಯಕ್ಕೆ 2. ಮೊದಲ ಪ್ಯಾಕಿಂಗ್‌ಗೆ ಸೊನ್ನೆ, ಈಗಿನದ್ದಕ್ಕೆ 4. ಗೈಡ್ ನಾಳೆಯೇ ಡೇಟಾ ಕೇಳುತ್ತಿದ್ದರೆ ಇವರ ಹತ್ತಿರ ಹೋಗಬೇಡಿ, ಕ್ಯಾಟಲಾಗಿನಲ್ಲಿ ರೆಡಿ ಇರುವುದನ್ನು ತರಿಸಿ. ಏನು ಬೇಕು ಅಂತ ಇನ್ನೂ ಗೊತ್ತಿಲ್ಲದವರು ಮಾತ್ರ ಒಮ್ಮೆ ಹೋಗಿ ಆ ಬೋರ್ಡಿನ ಮುಂದೆ ಕೂತು ಬನ್ನಿ. ಪೆಗ್ ವಿರುದ್ಧವೇ ಕೆಲವರ ದೇಹದಲ್ಲಿ ಪ್ರತಿಕಾಯ ಹುಟ್ಟುತ್ತದೆ, ಗೌಟ್‌ಗೆ ಕೊಡುವ ಪೆಗ್‌ಲೋಟಿಕೇಸ್‌ನಲ್ಲಿ ಇದು ದೊಡ್ಡ ತಲೆನೋವಾಗಿದೆ, ಹಾಗಾಗಿ ಪಾಲಿಸಾರ್ಕೊಸಿನ್, ಪಾಲಿಆಕ್ಸಜೋಲಿನ್ ಅಂತ ಬದಲಿ ಹುಡುಕುವವರು ಜಾಸ್ತಿಯಾಗಿದ್ದಾರೆ. ಅವೆರಡನ್ನೂ ಇವರು ಮಾಡುವುದಿಲ್ಲ. ಕೇಳಿದಾಗ "ಬರಲ್ಲ ಮೇಡಂ, ಕಲಿತ ಮೇಲೆ ಹೇಳ್ತೀನಿ" ಅಂದರು.

ನಾಲ್ಕನೇ ಆರ್ಡರ್ ಮಾತಾಡಿ ಆಗಿದೆ, ಇನ್ನೊಂದು ಗ್ರಾಂ ಆಲ್ಡಿಹೈಡ್. ದೀಪಾವಳಿ ಮುಗಿಯುವವರೆಗೆ ಏನೂ ಕಳಿಸಬೇಡಿ ಅಂತ ಹೇಳಿಟ್ಟಿದ್ದೇನೆ, ಗೇಟಿನ ಸೆಕ್ಯುರಿಟಿ ಅಣ್ಣನಿಗೆ ನಮ್ಮ ಫ್ರೀಜರ್ ಎಲ್ಲಿದೆ ಅಂತಲೂ ತೋರಿಸಿದ್ದೇನೆ.